ವರ್ಷಕ್ಕೆ ಜಾಗವಿಲ್ಲ

"ವರ್ಷ ಎಲ್ಲಿ ಬರೆಯೋದು, ಸರ್?"

ಲೆಕ್ಕಪತ್ರ ವಿಭಾಗದ ಹೆಂಗಸು ಕೇಳಿದ್ದು ಇಷ್ಟೇ. ಸರ್ವರ್ ನೋಡಿಕೊಳ್ಳುವವನು ಗೋಡೆಯ ಪರದೆಯತ್ತ ಕೈ ತೋರಿಸಿದ. ಕಚೇರಿಯಲ್ಲಿ ಅವನಿಗೆ ಅಲಾರಂ ಎಂದೇ ಅಡ್ಡಹೆಸರು. ಯಾವ ಕೆಲಸ ಯಾವ ಹೊತ್ತಿಗೆ ತಾನಾಗಿ ನಡೆಯಬೇಕೆಂದು ಸರ್ವರ್‌ಗೆ ಹೇಳಿಡುವವನು ಅವನೇ. ಇವತ್ತು ಅದನ್ನೇ ಎಲ್ಲರಿಗೂ ಕಲಿಸುತ್ತಿದ್ದ.

"ವರ್ಷಕ್ಕೆ ಜಾಗವೇ ಇಲ್ಲಮ್ಮ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ, ಅಷ್ಟೇ. ಒಂದ್ಸಲಕ್ಕೆ ಅಂತ ಬರೆದಿಟ್ಟು ಅಳಿಸೋಕೆ ಮರೆತ್ರೆ, ಮುಂದಿನ ವರ್ಷ ಅದೇ ದಿನ ಮತ್ತೆ ವಕ್ಕರಿಸುತ್ತೆ."

ಎಲ್ಲರೂ ನಕ್ಕರು. ಅವನೂ ನಗಲು ಬಾಯಿ ತೆರೆದ. ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ತೆರೆದ ಬಾಯಿ ಹಾಗೇ ಉಳಿಯಿತು.

ಹೋದ ವರ್ಷ ಇದೇ ತಾರೀಖಿನಂದು, ಬೆಳಿಗ್ಗೆ ಹನ್ನೊಂದಕ್ಕೆ ಹೆಂಡತಿಯ ಫೋನಿಗೆ ಹೋಗಲೆಂದು ಅವನು ಒಂದು ಸಂದೇಶವನ್ನು ಸರ್ವರ್‌ಗೆ ಒಪ್ಪಿಸಿದ್ದ. 'ನಾನು ಮನೆ ಬಿಟ್ಟು ಹೊರಟೆ. ಹುಡುಕಬೇಡ.' ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ, ಯಂತ್ರದ ಬಾಯಲ್ಲಿ ಹೇಳಿಸಿದ್ದ. ಅಷ್ಟರೊಳಗೆ ತಾನು ಬಸ್ಸಿನಲ್ಲಿ ದೂರ ಹೋಗಿರುತ್ತೇನೆಂಬುದು ಅವನ ಲೆಕ್ಕ.

ಇನ್ನೊಬ್ಬಳು ಯಾರೂ ಇರಲಿಲ್ಲ. ಉಸಿರುಗಟ್ಟಿತ್ತು, ಅಷ್ಟೇ. ಬಲ್ಬು ಕೆಟ್ಟರೆ ಫೋನು, ಗ್ಯಾಸ್ ಮುಗಿದರೆ ಫೋನು, ಬ್ಯಾಂಕಿಗೆ ಹೋಗಬೇಕೆಂದರೆ ಪಕ್ಕದಲ್ಲಿ ಅವನೇ ಬೇಕು. ಸಂಜೆ ಕೊಂಚ ತಡವಾದರೂ ಸಾಕು, ಅವಳು ಬಾಗಿಲಲ್ಲಿ. ಆದರೆ ಬಸ್ಸಿನ ಮೆಟ್ಟಿಲ ಮುಂದೆ ಅವನ ಕಾಲೇ ಏಳಲಿಲ್ಲ. ಹಾಗೆ ಬಾಗಿಲಲ್ಲಿ ನಿಂತವಳೇ ಕಣ್ಣಿಗೆ ಕಟ್ಟಿದಳು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ. ಸಂದೇಶ ಆಗಲೇ ಬಂದಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಫೋನು, ಬಚ್ಚಲಿನಲ್ಲಿ ಅವಳು. ಅಳಿಸಿಹಾಕಿದ. ಒಳಗೆ ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು. ಬಚಾವಾದೆ ಎಂದುಕೊಂಡ. ಆ ಸಂಭ್ರಮದಲ್ಲಿ ಸರ್ವರ್‌ನಲ್ಲಿ ಬರೆದಿಟ್ಟಿದ್ದ ಸಾಲನ್ನು ಅಳಿಸುವುದು ಮರೆತೇಹೋಯಿತು. ಊರಿಗೆಲ್ಲ ಎಚ್ಚರ ಹೇಳುವ ಅಲಾರಂ!

ಆಮೇಲಿನದು ಚಿನ್ನದಂಥ ವರ್ಷ. ಅವಳು ಸ್ಕೂಟರ್ ಕಲಿತಳು. ಬ್ಯಾಂಕಿಗೆ ತಾನೇ ಹೋಗಿಬಂದಳು. ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನದ ಹೊತ್ತಿನ ಕೆಲಸ ಹಿಡಿದಳು, ಸ್ಟೂಲು ಹತ್ತಿ ಬಲ್ಬು ಹಾಕಿದಳು. ಹೊತ್ತಿಲ್ಲದ ಹೊತ್ತಿನಲ್ಲಿ ಫೋನು ಮಾಡುವುದು ನಿಂತಿತು, ಬಾಗಿಲಲ್ಲಿ ಕಾಯುವುದೂ ನಿಂತಿತು. ತನ್ನ ಪ್ರೀತಿ ಕಂಡು ಹೀಗೆ ಅರಳಿದ್ದಾಳೆಂದು ಅವನು ಒಳಗೊಳಗೇ ಬೀಗಿದ. ಈಗ ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಅವನಿಗೆ ಆಗುತ್ತಿರಲಿಲ್ಲ.

ಹನ್ನೊಂದಕ್ಕೆ ಇನ್ನು ಸ್ವಲ್ಪವೇ ಹೊತ್ತು. ಒಂದು ಸಾಲು ಅಳಿಸಿದರೆ ಮುಗಿಯಿತು. ಆದರೆ ಅವನ ಕಂಪ್ಯೂಟರಿನಲ್ಲಿ ತೆರೆದದ್ದೆಲ್ಲ ಗೋಡೆಯ ಮೇಲೆ ಆಳೆತ್ತರಕ್ಕೆ ಕಾಣುತ್ತಿತ್ತು. ಮೆಲ್ಲಗೆ ಪರದೆಗೆ ಹೋಗುವ ವೈರ್‌ಗೆ ಕೈ ಹಾಕಿದ.

"ಅದ್ಯಾಕೆ ಕೀಳ್ತೀರಿ?" ಎಂದರು ಮುಂದಿನ ಸಾಲಿನಲ್ಲಿದ್ದ ಮುಖ್ಯಸ್ಥರು. "ನಮ್ಮ ಸರ್ವರ್‌ದೇ ಪಟ್ಟಿ ತೆಗೆದು ತೋರಿಸಿ, ನೋಡೋಣ."

"ಇವತ್ತು ಬೇಡ ಸರ್."

"ಯಾಕ್ರೀ, ಒಳಗೇನಾದ್ರೂ ಬಚ್ಚಿಟ್ಟಿದ್ದೀರಾ?"

ಮತ್ತೆ ನಗು. ಅವನು ವೈರ್ ಬಿಟ್ಟ.

"ಹೊಟ್ಟೆ ಯಾಕೋ ಸರಿ ಇಲ್ಲ ಸರ್. ಒಂದ್ನಿಮಿಷ ಹೊರಗೆ ಹೋಗಿ ಬರ್ತೀನಿ."

"ಇನ್ನೇನು ಮುಗೀತಲ್ಲ, ಮುಗಿಸಿಯೇ ಹೋಗಿ."

ಮುಖ್ಯಸ್ಥರ ಮಾತನ್ನು ಮೀರಿ ಅವನಿಗೆ ಅಭ್ಯಾಸವಿಲ್ಲ. ನಿಮಿಷದ ಜಾಗ, ಗಂಟೆಯ ಜಾಗ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದ. ಮಾತಿನ ನಡುವೆಯೇ ಹನ್ನೊಂದಾಯಿತು. ತಾನೇ ಹೇಳಿಟ್ಟ ಕೆಲಸ, ಒಂದು ಕ್ಷಣವೂ ತಡವಾಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಚಹಾಕ್ಕೆ ಬಿಟ್ಟದ್ದೇ ತಡ, ಕಾಲಿಗೆ ಬುದ್ಧಿ ಹೇಳಿದ. ಮನೆಯ ಬಾಗಿಲು ತೆರೆದೇ ಇತ್ತು. ಮಹಡಿಯ ಮೇಲೆ ಒದ್ದೆ ಬಟ್ಟೆ ಕೊಡವುವ ಸದ್ದು. ಫೋನು ಕಟ್ಟೆಯ ಮೇಲೆ. ಸಂದೇಶ ಅಲ್ಲೇ ಇತ್ತು, ಇನ್ನೂ ತೆರೆದಿರಲಿಲ್ಲ. ಅಳಿಸಿದ. ಹೋದ ಜೀವ ಬಂದಂತಾಗಿ ಕಟ್ಟೆಗೆ ಒರಗಿ ನಿಂತ.

"ಇದೇನ್ರೀ, ಇಷ್ಟು ಬೇಗ?"

ಖಾಲಿ ಬಕೆಟ್ ಹಿಡಿದು ಅವಳು ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕೈ ಹಿಡಿದುಕೊಂಡ.

"ಸುಮ್ನೆ ಬಂದೆ ಕಣೆ. ನಿನ್ನ ಬಿಟ್ಟು ಇರೋಕೆ ನನ್ನಿಂದ ಆಗಲ್ಲ."

ಅವಳು ಅವನ ಇನ್ನೊಂದು ಕೈಯಲ್ಲಿದ್ದ ತನ್ನ ಫೋನನ್ನು ನೋಡಿದಳು, ಕ್ಯಾಲೆಂಡರನ್ನು ನೋಡಿದಳು. ನಿಧಾನವಾಗಿ ಕೈ ಬಿಡಿಸಿಕೊಂಡಳು.

"ಹೋದ ವರ್ಷ ನೀವು ಅಳಿಸೋಕೆ ಮುಂಚೆಯೇ ಓದಿದ್ದೆ ರೀ. ಒಬ್ಬಳೇ ಇರೋದು ಕಲಿಯೋಕೆ ಇಷ್ಟು ದಿನ ಹಿಡೀತು. ಇನ್ನು ನೀವು ಹೊರಡಬಹುದು."