ಸಪ್ಪಳದ ಮಷೀನು

“ಇದರ ಸಪ್ಪಳ ಸಾಲೂದಿಲ್ಲ. ಇನ್ನೊಂದು ತೋರಸ್ರಿ,” ಎಂದರು ಗೋಪಾಲ ಕುಲಕರ್ಣಿ.

ಸ್ವಿಚ್ಚಿನ ಮೇಲಿಟ್ಟ ಕೈ ತೆಗೆಯುವುದನ್ನೇ ಸಾತಪ್ಪ ಮರೆತ. ಜಮಖಂಡಿಯ ಅವನ ಅಂಗಡಿಗೆ ಬರುವವರು ಕಬ್ಬಿನ ರೈತರು. ಮೋಟಾರು, ಪೈಪು, ಔಷಧಿ ಹೊಡೆಯುವ ಪಂಪು ಒಯ್ಯುವವರು. ಅಂಗಳದ ಹುಲ್ಲು ಕತ್ತರಿಸುವ ಕರೆಂಟಿನ ಮಷೀನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಯಾವುದೋ ಅತಿಥಿಗೃಹಕ್ಕೆಂದು ತರಿಸಿ, ಅವರು ಒಲ್ಲೆವೆಂದ ಎರಡು ಮಷೀನು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಅಂತೂ ಒಬ್ಬ ಗಿರಾಕಿ ಸಿಕ್ಕರು ಎಂದು ಹಿಗ್ಗಿದರೆ, ಇವರಿಗೆ ಸಪ್ಪಳ ಬೇಕಂತೆ!

“ಸರ, ಸಪ್ಪಳ ಕಡಿಮಿ ಅಂತನ ಮಂದಿ ಕರೆಂಟಿಂದು ಒಯ್ಯೂದು. ಗದ್ದಲ ಬೇಕಂದ್ರ ಪೆಟ್ರೋಲಿಂದು ತರಸ್ತೇನಿ. ಓಣಿಗೆ ಓಣಿನ ಎದ್ದ ಕುಂದರತೈತಿ.”

“ಪೆಟ್ರೋಲಿಂದು ಬ್ಯಾಡ. ನಮ್ಮ ಮನಿಯವರಿಗೆ ಎದಿ ಆಪರೇಶನ್ ಆಗೇದ. ಹೊಗಿ ಆಗಿಬರೂದಿಲ್ಲ.”

“ಹೊಗಿ ಆಗಿಬರಂಗಿಲ್ಲ, ಸಪ್ಪಳ ಆಗಿಬರತೈತೇನ್ರಿ?”

ಗೋಪಾಲರಾಯರು ಎರಡನೆಯ ಮಷೀನಿನ ಕಡೆ ಕೈ ತೋರಿಸಿದರು. ಅದಕ್ಕೆ ತಗಡಿನ ಮೈ. ಸ್ವಿಚ್ಚು ಒತ್ತಿದ್ದೇ ಅಂಗಡಿಯ ಡಬ್ಬಿಗಳೆಲ್ಲ ನಡುಗಿದವು. ರಾಯರು ಅದರ ಪಕ್ಕದಲ್ಲೇ ನಿಂತು ಗಟ್ಟಿಯಾಗಿ ಏನೋ ಕೂಗಿದರು. ಸಾತಪ್ಪ ಮಷೀನು ನಿಲ್ಲಿಸಿದ.

“ನಾ ಏನಂದೆ, ಕೇಳಿಸ್ತೇನು?”

“ಒಂದಕ್ಷರ ಕೇಳಿಸಲಿಲ್ರಿ.”

“ಇದನ್ನ ಕೊಡ್ರಿ.”

ಸಾತಪ್ಪನಿಗೆ ಗುಟ್ಟು ಹೊಳೆಯಿತು. ರಾಯರಿಗೂ ಪಕ್ಕದ ಮನೆಯ ಚನಮಲ್ಲಪ್ಪನಿಗೂ ಕಂಪೌಂಡಿನ ತಂಟೆ ನಡೆದಿರುವುದು ಊರಿಗೇ ಗೊತ್ತು. ಚನಮಲ್ಲಪ್ಪನಿಗೆ ಊಟದ ಮೇಲೆ ನಿದ್ದೆ ಬೇಕೇ ಬೇಕು. ಎಲಾ ಕಾಲೇಜಿನ ಪ್ರೊಫೆಸರೇ! ನೋಡಲಿಕ್ಕೆ ಎಷ್ಟು ಸಂಭಾವಿತರು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು. ಆದರೂ ಹಾಸಿಗೆ ಹಿಡಿದ ಹೆಂಡತಿಯ ಚಿಂತೆಯಾದರೂ ಬೇಡವೇ ಎಂದು ಅವನಿಗೆ ಸಿಟ್ಟು ಬಂತು.

ಮಷೀನು ತಲುಪಿಸಲು ಅವನೇ ಹೋದ. ಅಂಗಳವೆಂದರೆ ಎರಡು ಹೊರಸು ಹಾಕುವಷ್ಟು ಜಾಗ. ಮಿರಜದಲ್ಲಿ ಔಷಧ ಕಂಪನಿಯ ಕೆಲಸದಲ್ಲಿರುವ ಮಗ ಕೌಸ್ತುಭ, ರಜೆಗೆ ಬಂದಾಗ ಹಟ ಹಿಡಿದು ಹಚ್ಚಿದ ಹುಲ್ಲು.

“ಇಷ್ಟಕ್ಕ ಕುಡಗೋಲ ಸಾಕಿತ್ತಲ್ರಿ,” ಎಂದು ಸಾತಪ್ಪ ಗೊಣಗಿದ. ಕಿಟಕಿಯ ಒಳಗೆ ದಿಂಬಿಗೆ ಒರಗಿ ಕುಳಿತಿದ್ದ ರಾಧಾಬಾಯಿಯವರನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. “ಅಕ್ಕಾರ, ಇದು ಭಾಳ ಗದ್ದಲ ಮಾಡತೈತ್ರಿ. ನೀವು ಬ್ಯಾಡ ಅಂದ್ರ ಈಗಿಂದೀಗ ವಾಪಸ್ ಒಯ್ತೇನಿ.”

“ಇರ್ಲಿ ಬಿಡ್ರಿ. ದಿನಾ ಹಚ್ಚಲಿ,” ಎಂದರು ರಾಧಾಬಾಯಿ. ಆಮೇಲೆ ಗಂಡನ ಕಡೆ ತಿರುಗಿದರು. “ನೀವು ಹಚ್ಚಿದ ಕೂಡ್ಲೆ ನಾ ಕಿಟಕಿ ಮುಚ್ಚಗೋತೇನಿ. ಅರ್ಧಕ್ಕ ಮಾತ್ರ ನಿಲ್ಲಸಬ್ಯಾಡ್ರಿ. ಸಾವಕಾಶ, ಪೂರಾ ಮುಗಸ್ರಿ.”

ಗಂಡನ ಹಟಕ್ಕೆ ಹೀಗೂ ತಲೆಬಾಗುವವರು ಇದ್ದಾರಲ್ಲ ಎಂದುಕೊಳ್ಳುತ್ತ ಸಾತಪ್ಪ ಹೊರಟುಹೋದ.

ಅಂದಿನಿಂದ ದಿನವೂ ಮಷೀನು ಅರಚತೊಡಗಿತು. ಹುಲ್ಲು ಬೋಳಾಯಿತು, ಮಣ್ಣು ಕಂಡಿತು. ಅರಚಾಟ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಚನಮಲ್ಲಪ್ಪನ ಸಹನೆ ಮುಗಿಯಿತು. ತೋಳು ಏರಿಸಿಕೊಂಡು ಬಂದವನು ಕಂಪೌಂಡಿನ ಮೇಲಿಂದ ಇಣುಕಿದ. ಏರಿಸಿದ ತೋಳನ್ನು ತಾನೇ ಇಳಿಸಿಕೊಂಡ.

ಮಷೀನು ನಿಂತ ಜಾಗದಲ್ಲೇ ತಿರುಗುತ್ತಿತ್ತು. ಅದರ ಹಿಡಿಕೆಯ ಮೇಲೆ ಬಾಗಿ ಗೋಪಾಲರಾಯರು ಬಾಯಿ ಬಿಟ್ಟು ಅಳುತ್ತಿದ್ದರು.

ಕೌಸ್ತುಭ ತೀರಿಹೋಗಿ ತಿಂಗಳ ಮೇಲಾಗಿತ್ತು. ಬೈಕಿನಲ್ಲಿ ಹೋಗುತ್ತಿದ್ದವನಿಗೆ ಲಾರಿ ಬಡಿದಿತ್ತು. ತಾಯಿಯ ಎದೆಯ ಗಾಯ ಆಗಿನ್ನೂ ಹಸಿಯಾಗಿತ್ತು. ಆಘಾತದ ಸುದ್ದಿ ಏನಾದರೂ ಕಿವಿಗೆ ಬಿದ್ದರೆ ಜೀವಕ್ಕೆ ಭರವಸೆ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಮಿರಜದ ತಮ್ಮನೊಬ್ಬನಿಗೆ ಬಿಟ್ಟರೆ ರಾಯರು ಯಾರಿಗೂ ಹೇಳಲಿಲ್ಲ. ಕಾಲೇಜಿನ ಕೆಲಸವೆಂದು ಹೋಗಿ ಮಗನಿಗೆ ಬೆಂಕಿ ಕೊಟ್ಟು ಬಂದರು. ಕಂಪನಿಯವರು ಕೌಸ್ತುಭನನ್ನು ದೂರದ ತರಬೇತಿಗೆ ಕಳಿಸಿದ್ದಾರೆ ಎಂದು ಹೆಂಡತಿಗೆ ಹೇಳಿದರು.

ಸೂತಕದಲ್ಲಿ ದೇವರನ್ನು ಮುಟ್ಟುವಂತಿಲ್ಲ. ಕೈ ಉಳುಕಿದೆ ಎಂದು ಸುಳ್ಳು ಹೇಳಿ ಪೂಜೆ ಬಿಟ್ಟರು. ದೇವರ ದಯೆ ಎನ್ನುವಂತೆ, ಮೆಲ್ಲಗೆ ಎದ್ದು ತುಳಸಿಗೆ ದೀಪ ಹಚ್ಚುತ್ತಿದ್ದ ರಾಧಾಬಾಯಿಯೂ ಆಗಲೇ ಮೊಣಕಾಲು ನೋವೆಂದು ಅದನ್ನು ನಿಲ್ಲಿಸಿದರು. ಅರಿಯದವಳ ಕೈಯಿಂದ ಮೈಲಿಗೆಯಾಗುವುದು ತಪ್ಪಿತಲ್ಲ ಎಂದು ರಾಯರಿಗೆ ಸಮಾಧಾನ. ಮಗನ ಫೋನು ಬಂತೇ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ರಾಧಾಬಾಯಿ ಕೇಳುವುದನ್ನೂ ಬಿಟ್ಟರು. ತಾವು ಹೇಳಿದ್ದನ್ನು ನಂಬಿದ್ದಾಳೆ ಎಂದು ರಾಯರು ಅಂದುಕೊಂಡರು.

ಎಲ್ಲ ಆಯಿತು, ಅಳುವುದೊಂದು ಉಳಿಯಿತು. ಸಣ್ಣ ಊರು. ಕೆರೆಯ ದಂಡೆಯಲ್ಲಿ ಅತ್ತರೂ ಸುದ್ದಿ ಅವರಿಗಿಂತ ಮೊದಲು ಮನೆ ಮುಟ್ಟುತ್ತದೆ. ಒಬ್ಬನೇ ಮಗ. ಅವನ ಹೆಸರು ಹಿಡಿದು ಒಮ್ಮೆ ಬಾಯಿ ತುಂಬ ಅಳದಿದ್ದರೆ ಎದೆ ಒಡೆದುಹೋಗುತ್ತದೆ ಎನಿಸಿದಾಗ ಅವರು ಸಾತಪ್ಪನ ಅಂಗಡಿ ಹೊಕ್ಕಿದ್ದರು.

ಚನಮಲ್ಲಪ್ಪ ಗೇಟು ತೆರೆದು ಒಳಬಂದು ರಾಯರ ಹೆಗಲ ಮೇಲೆ ಕೈಯಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು.

ಮಷೀನು ನಿಂತಿತು. ರಾಯರು ಗಾಬರಿಯಿಂದ ಎರಡೂ ಕೈ ಬಾಯಿಗೆ ಒತ್ತಿಕೊಂಡು ಉಸಿರು ಬಿಗಿಹಿಡಿದರು. ಆದರೂ ಅಳುವ ಸದ್ದು ನಿಲ್ಲಲಿಲ್ಲ.

ಮುಚ್ಚಿದ ಕಿಟಕಿಯ ಒಳಗೆ, ಮಷೀನು ನಿಂತದ್ದರ ಅರಿವಿಲ್ಲದೆ, ರಾಧಾಬಾಯಿ ಮಗನ ಹೆಸರು ಹಿಡಿದು ಗಂಟಲು ಹರಿಯುವಂತೆ ಅಳುತ್ತಿದ್ದರು.