ಒಂದೇ ಸೆಕೆಂಡಿನ ಒಂಬೈನೂರು ಕ್ಲಿಕ್

ಮ್ಯಾನೇಜರ್ ಅಭಿನಂದಿಸಲು ಕೈ ಚಾಚಿದಾಗಲೂ ಅವಳ ಕಣ್ಣು ಪರದೆಯ ಮೇಲೆಯೇ ಇತ್ತು. ಅವಳು ಬರೆದ ಜಾಹೀರಾತಿನ ಇಮೇಲ್‌ಗೆ ಒಂಬೈನೂರು ಕ್ಲಿಕ್ ಬಂದಿದ್ದವು, ಎಲ್ಲವೂ ಒಂದೇ ಸೆಕೆಂಡಿನಲ್ಲಿ. ಹಿರಿಯ ಸಹೋದ್ಯೋಗಿಯ ಇಮೇಲ್‌ಗೆ ಬಂದದ್ದು ನಲವತ್ತೇ. ಅದೇ ಕಾರಣಕ್ಕೆ ಕೆಲಸ ಕಳೆದುಕೊಂಡ ಅವರು ಎದುರಿನ ಮೇಜಿನಲ್ಲಿ ತಮ್ಮ ಸಾಮಾನು ಕಟ್ಟುತ್ತಿದ್ದರು.

"ಸರ್, ನಂದು ಹೋಗಿದ್ದು ಬರೀ ಕಂಪನಿ ವಿಳಾಸಗಳಿಗೆ. ಅಲ್ಲಿ ಮೇಲ್ ಬಂದ ತಕ್ಷಣ ವೈರಸ್ ಹುಡುಕೋ ಸಾಫ್ಟ್‌ವೇರೇ ಎಲ್ಲಾ ಲಿಂಕ್ ಒತ್ತಿಬಿಡುತ್ತೆ. ನಿಜವಾಗಿ ಓದಿದ್ದು ಆ ಹಿರಿಯರ ಮೇಲ್‌ಗೆ ಕ್ಲಿಕ್ ಮಾಡಿದ ನಲವತ್ತು ಜನಾನೇ."

"ಗೊತ್ತಮ್ಮ," ಮ್ಯಾನೇಜರ್ ದನಿ ತಗ್ಗಿಸಿ ನಕ್ಕರು. "ಅಂಕಿ ನೋಡಿ ಮೇಲಿನವರು ಖುಷಿಯಾಗಿದ್ದಾರೆ. ನಿಂದೇನು ಗಂಟು ಹೋಗುತ್ತೆ? ಸುಮ್ನೆ ಕೈ ಕೊಡು."

ಗೊತ್ತಿದ್ದೇ ಆ ಹಿರಿಯರನ್ನು ಕೆಲಸದಿಂದ ತೆಗೆದಿದ್ದರು. ಆ ಕೈ ಗಾಳಿಯಲ್ಲೇ ಇರುವಾಗ ಅವಳು ಕ್ಲಿಕ್‌ಗಳ ಪಟ್ಟಿಯ ಮೇಲೆ ‘ಇದು ನನ್ನ ಗೆಲುವಲ್ಲ’ ಎಂದು ಬರೆದು ಮೇಲಿನವರಿಗೇ ಕಳಿಸಿಬಿಟ್ಟಳು.