ಓಲಗದ ಸುತ್ತು

ತಮ್ಮ ಮುರಳಿ ತೀರಿಕೊಂಡ ಸುದ್ದಿ ಮುಂಬೈಯಿಂದ ಬಂದ ಬೆಳಿಗ್ಗೆ ಲಾಯಿಲದ ವೇಣುಗೋಪಾಲ ಶೇರಿಗಾರರು ತಲೆಗೆ ನೀರು ಹೊಯ್ದುಕೊಂಡು ಬಂದು, ತಮ್ಮ ನಾಗಸ್ವರವನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೇರಿಸಿದರು. ಸೂತಕ ಕಳೆಯುವವರೆಗೆ ವಾದ್ಯದವರ ಮನೆಯಲ್ಲಿ ವಾದ್ಯ ಸದ್ದು ಮಾಡಬಾರದು. ಅಳು ಮಾತ್ರ ಬರಲಿಲ್ಲ. ದೇವಸ್ಥಾನದ ಓಲಗ ಬಿಟ್ಟು ಮುಂಬೈಯ ಹೋಟೆಲುಗಳಲ್ಲಿ ಸ್ಯಾಕ್ಸೋಫೋನ್ ಊದಲು ಹೋದ ತಮ್ಮನನ್ನು ಅಪ್ಪ, "ದೇವರೆದುರು ಊದಿದ ಬಾಯಲ್ಲಿ ಕುಡುಕರಿಗೆ ಊದಿದವ ಈ ಮನೆಯವನಲ್ಲ" ಎಂದು ದೂರವಿಟ್ಟಿದ್ದರು. ಅಪ್ಪ ಹೋದ ಮೇಲೂ ಅಣ್ಣ ಆ ಮಾತನ್ನು ಮೀರಿರಲಿಲ್ಲ.

ಮಧ್ಯಾಹ್ನ ಮೊಮ್ಮಗಳು ಅಶ್ವಿತಾ ಫೋನು ಹಿಡಿದು ಬಂದಳು.

"ಅಜ್ಜ, ಮುರಳಿ ಅಜ್ಜನದ್ದೊಂದು ಆಲ್ಬಮ್ ಉಂಟು. ಎಪ್ಪತ್ತೇಳರದ್ದು, ಜಾಝ್-ಫಂಕ್ ಅಂತೆ. ಅವರು ಹೋದ ಸುದ್ದಿ ಕೇಳಿ ಯಾರೋ ಹಾಕಿದ್ದಾರೆ."

ಚಿತ್ರದಲ್ಲಿ ಮುರಳಿ ಬೆಲ್‌ಬಾಟಮ್ ತೊಟ್ಟು, ಕೂದಲನ್ನು ಭುಜದವರೆಗೆ ಇಳಿಬಿಟ್ಟಿದ್ದ.

"ಎಂತ ವೇಷ ಇದು!" ಶೇರಿಗಾರರು ಮುಖ ತಿರುಗಿಸಿದರು. "ಸೂತಕದ ಮನೆಯಲ್ಲಿ ವಾದ್ಯ ಬೇಡ."

"ಊದುವುದು ನಾವಲ್ಲವಲ್ಲ. ಊದಿದ್ದು ಅವರೇ."

"ಹಾಕು ಮಗಾ," ಎಂದು ಹೆಂಡತಿ ಶಂಕರಿ ಒಳಗಿನಿಂದಲೇ ಹೇಳಿದರು. "ಇದ್ದಾಗಲಂತೂ ಕೇಳಲಿಲ್ಲ. ಇನ್ನು ಯಾವಾಗ ಕೇಳುವುದು ಇವರು?"

ಮೊದಲು ಡ್ರಮ್ಮು, ಗಿಟಾರುಗಳು ಗುಡುಗಿದವು.

"ಚಾರ್ಮಾಡಿ ಘಾಟಿ ಹತ್ತುವ ಲಾರಿಯ ಹಾಗುಂಟು ಮಾರಾಯ್ತಿ, ನಿಲ್ಲಿಸು!"

ಅಷ್ಟರಲ್ಲಿ ಸ್ಯಾಕ್ಸೋಫೋನ್ ಎದ್ದಿತು. ಶೇರಿಗಾರರ ಬಲಗೈ ತಾನಾಗಿ ತೊಡೆಯ ಮೇಲೆ ಬಿತ್ತು. ಮತ್ತೊಮ್ಮೆ ಬಿತ್ತು.

"ಇದು ಓಲಗದ ಸುತ್ತಲ್ವಾ!"

ಉತ್ಸವದ ದಿನ ದೇವರನ್ನು ತಲೆಯ ಮೇಲೆ ಹೊತ್ತವರು ಕುಣಿಯುತ್ತ ಅಂಗಳ ಸುತ್ತುವಾಗ ಅಪ್ಪ ಊದುತ್ತಿದ್ದ ಧಾಟಿ ಅದು. ಮೂಲೆಯಲ್ಲಿ ಹೊತ್ತವರು ತಿರುಗಬೇಕು. ಅಲ್ಲಿ ಒಂದು ಉಸಿರಿನಷ್ಟು ನಿಲ್ಲಿಸಬೇಕೆಂದು ಅಪ್ಪ ಅಣ್ಣತಮ್ಮಂದಿರಿಬ್ಬರಿಗೂ ಕಿವಿ ಹಿಂಡಿ ಕಲಿಸಿದ್ದರು.

ಸ್ಯಾಕ್ಸೋಫೋನ್ ಥಟ್ಟನೆ ನಿಂತಿತು. ಡ್ರಮ್ಮು ಮಾತ್ರ ಮುಂದೆ ಓಡಿತು. ಒಂದು ಉಸಿರು ಕಳೆದು ಸ್ಯಾಕ್ಸೋಫೋನ್ ಮತ್ತೆ ಬಂದು ಕೂಡಿಕೊಂಡಿತು. ಸುತ್ತಿನ ಪ್ರತಿ ಮೂಲೆಗೂ ಹಾಗೆಯೇ.

"ಮಧ್ಯೆ ಮಧ್ಯೆ ಯಾಕೆ ನಿಲ್ಲಿಸುವುದು ಅಜ್ಜ? ತಪ್ಪಿದ್ದಾ?"

"ತಪ್ಪುವುದಾ? ಅವನಾ?" ಶೇರಿಗಾರರು ನೆಟ್ಟಗೆ ಕುಳಿತರು. "ಅದು ದೇವರು ತಿರುಗಲಿಕ್ಕೆ, ಮಗಾ. ನಾನಾದರೆ ಹೊತ್ತವರ ಕಾಲು ನೋಡಿ ನಿಲ್ಲಿಸುತ್ತೇನೆ. ಇವನು ದೇವರನ್ನು ಹೊತ್ತವರೇ ಇಲ್ಲದ ರೆಕಾರ್ಡಿಂಗ್ ಕೋಣೆಯಲ್ಲಿ ನಿಲ್ಲಿಸಿ ಕಾದಿದ್ದಾನೆ ನೋಡು. ಇವನು ನನ್ನ ತಮ್ಮ!"

ಕಣ್ಣೀರು ಇಳಿಯುತ್ತಿತ್ತು, ಅವರು ಅದನ್ನು ಒರೆಸಲಿಲ್ಲ.

ಮುಗಿದ ಮೇಲೆ ಅಂಗಳಕ್ಕಿಳಿದರು. ಸೂತಕದವರು ಗುಡಿಯ ಮೆಟ್ಟಿಲು ಹತ್ತುವಂತಿಲ್ಲ. ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು, ಗುಡಿಯಿದ್ದ ದಿಕ್ಕಿಗೆ ಮುಖಮಾಡಿ ಕೈಮುಗಿದರು.

"ದೇವರೇ, ನಿನ್ನ ಓಲಗದವ ಬರುತ್ತಿದ್ದಾನೆ. ಬಹಳ ದೂರದಿಂದ ಊದಿಕೊಂಡೇ ಬಂದವನು. ಇನ್ನು ಅವನನ್ನು ನಿನ್ನ ಬಳಿ ಕೂರಿಸಿಕೋ, ಶಾಂತಿ ಕೊಡು."